ಬಂದರಿನಿಂದ ಹಂಪನಕಟ್ಟೆಗೆ

ಮಂಗಳೂರಿನ ಪೇಟೆಯ ನಡುಭಾಗ ಯಾವುದೆಂದು ಇಂದು ಯಾರನ್ನು ಕೇಳಿದರೂ ಹಂಪನಕಟ್ಟೆಯೆಂದೇ ಉತ್ತರ ಬರುವುದು. ಇಂಗ್ಲಿಷರ ಆಳಿಕೆಯಲ್ಲಿ ಆಸ್ಪತ್ರೆ, ಕಾಲೇಜು, ಕಚೇರಿಗಳು ಇದರ ಆಸುಪಾಸಿನಲ್ಲಿ ಎದ್ದುದರಿಂದ ಪೇಟೆಯೂ ಇಲ್ಲಿ ಬೆಳೆಯಿತೆಂದು ವಿದ್ಯಾವಂತರಲ್ಲಿ ಅನೇಕರು ನಂಬಿರುವರು. ಈ ನಂಬಿಕೆಯಲ್ಲಿ ಅರ್ಧಾಂಶ ಮಾತ್ರ ನಿಜವಿದೆಯೆಂದು ನಮಗೆ ತೋರುತ್ತದೆ. ಕಚೇರಿಗಳಿಗಿಂತ ಮೊದಲೇ ದಾರಿಯಿದ್ದಿತು. ಆ ದಾರಿಗಿಂತಲೂ ಬಹು ಮೊದಲು ನೀರಿದ್ದಿತು. ಪೇಟೆಯು ನೀರಿನ ಅಂಚಿನಿಂದ ದಾರಿಯ ಕೂಟಕ್ಕೆ ಮೆಲ್ಲಮೆಲ್ಲನೆ ಏರಿ ಬಂದ ಬಗೆಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿರುವೆವು.

ನೇತ್ರಾವತಿಯೂ ಗುರುಪುರದ ಹೊಳೆಯೂ ಎರಡು ಕಡೆಗಳಿಂದ ಹರಿದು ಬಂದು, ಸಮುದ್ರಕ್ಕೆ ಅಡ್ಡಲಾಗಿ ಚಾಚಿದ ಮರಳಿನ ನಾಲಗೆಯ ಒಳಮೈಯಲ್ಲಿ ಕೂಡಿಕೊಂಡು, ಒಂದೇ ಅಳಿವೆಯಿಂದ ಕಡಲನ್ನು ಸೇರುತ್ತವೆ. ತುಳುವರು ಈ ಊರನ್ನು ಕುಡ್ಲವೆಂದು ಕರೆಯುವುದು ಈ ಕೂಡುವಿಕೆಯಿಂದಲೇ ಎಂದು ಹೇಳುವರು. ಆ ಒಳನೀರಿನ ದಡವೇ ಹಳೆಯ ಬಂದರು. ಅಳಿವೆಯ ಬಾಯಲ್ಲಿ ಮರಳು ಕಟ್ಟುವುದರಿಂದ ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಬೇಕಾಗಿದ್ದಿತು. ಸರಕೆಲ್ಲವೂ ದೋಣಿ ಮಂಜಿಗಳ ಮೇಲೆ ದಕ್ಕೆಗೆ ಬರುತ್ತಿದ್ದಿತು. ಮಳೆಗಾಲ ಹಿಡಿಯಿತೆಂದರೆ ಅದೂ ಇಲ್ಲ. ವರ್ಷದಲ್ಲಿ ಕೆಲವು ತಿಂಗಳು ಬಾಗಿಲು ಮುಚ್ಚುವ ಬಂದರಿನಲ್ಲಿ ವರ್ತಕನಾದವನು ಸರಕನ್ನು ಕೂಡಿಡಬೇಕು, ಮುಂಗಡ ಕೊಡಬೇಕು, ಸಾಲವನ್ನು ಮುಂದಿನ ಋತುವಿನ ತನಕ ನಿಲ್ಲಿಸಬೇಕು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುವೆವು.

ಈ ದಡದ ಮೇಲಣ ಬಾಳಿನ ವಿಷಯದಲ್ಲಿ ನಮಗೆ ದೊರೆತಿರುವ ಅತ್ಯಂತ ಸ್ವಾರಸ್ಯವಾದ ಸಾಕ್ಷ್ಯವು ಶಾಸನಗಳಿಂದ ಬಂದುದಲ್ಲ. ಈಜಿಪ್ತಿನ ಕೈರೋ ಪಟ್ಟಣದ ಒಂದು ಯೆಹೂದ್ಯ ಪ್ರಾರ್ಥನಾಮಂದಿರದಲ್ಲಿ ಶತಮಾನಗಳಿಂದ ಬಿದ್ದಿದ್ದ ಹಳೆಯ ಕಾಗದದ ರಾಶಿಯಲ್ಲಿ ಅದು ಅಡಗಿದ್ದಿತು. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರ ವೇಳೆಗೆ ಮಂಗಳೂರಿನಲ್ಲಿ ನೆಲಸಿ, 1149ರ ತನಕ ಈ ಕರಾವಳಿಯಲ್ಲಿ ವ್ಯಾಪಾರ ನಡೆಸಿದನು. ಏಡನ್ನಿನ ಗೆಳೆಯರು ಆತನಿಗೆ ಬರೆದ ಪತ್ರಗಳು ಈಗಲೂ ಉಳಿದಿವೆ. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಬರುತ್ತಿದ್ದುವು. ಒಡೆದ ಹಳೆಯ ತಾಮ್ರದ ಪಾತ್ರೆಗಳನ್ನು ಏಡನ್ನಿನಿಂದ ಕಳುಹಿಸಿದರೆ, ಆತನ ಕಾರ್ಖಾನೆಯ ಕುಶಲಕರ್ಮಿಗಳು ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿಕೊಡುತ್ತಿದ್ದರು. ಆತನು ಅಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರವು 1132ರಲ್ಲಿ ಮಂಗಳೂರಿನಲ್ಲಿಯೇ ಬರೆಯಲ್ಪಟ್ಟುದು. ಆಕೆಯೇ ಆತನ ಮಡದಿಯಾದಳೆಂದು ವಿದ್ವಾಂಸರು ಊಹಿಸುವರು. ಆತನ ಸೇವಕನೂ ವ್ಯಾಪಾರದ ಪ್ರತಿನಿಧಿಯೂ ಆಗಿದ್ದವನ ಹೆಸರು ಬೊಮ್ಮ. ಈ ಹೆಸರನ್ನು ನಮ್ಮವರು ಯಾರೂ ಬಿಡಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. ರಾಜರ ವಂಶಾವಳಿಗಳನ್ನು ಕಂಠಪಾಠ ಮಾಡಿಸುವ ನಮ್ಮ ಪಾಠಪುಸ್ತಕಗಳಲ್ಲಿ ಏಡನ್ನಿಗೆ ಹೋಗಿ ಬಂದ ಈ ಬೊಮ್ಮನಿಗೆ ಒಂದು ಸಾಲಿನಷ್ಟಾದರೂ ಎಡೆ ಇರಬಾರದಿತ್ತೆ?

ಇದಾದ ಇನ್ನೂರು ವರ್ಷಗಳ ಮೇಲೆ, 1342ರ ಸುಮಾರಿಗೆ, ಇಬ್ನ್ ಬತೂತನು ಇಲ್ಲಿಗೆ ಬಂದನು. ಪಾರಸ, ಯೆಮನ್ ದೇಶಗಳ ವರ್ತಕರು ಬಹುಮಟ್ಟಿಗೆ ಇಲ್ಲಿಯೇ ಇಳಿಯುವರೆಂದೂ, ಮೆಣಸೂ ಶುಂಠಿಯೂ ಇಲ್ಲಿ ಹೇರಳವೆಂದೂ, ಸುಮಾರು 4,000 ಮುಸಲ್ಮಾನರು ಊರ ಪಕ್ಕದ ಕೇರಿಯಲ್ಲಿ ವಾಸಿಸುವರೆಂದೂ ಆತನು ಬರೆದಿರುವನು. ಅವರಿಗೂ ಊರವರಿಗೂ ಆಗಾಗ ಕಲಹವಾಗುತ್ತಿದ್ದಿತಂತೆ. ಆದರೆ ವರ್ತಕರಿಲ್ಲದೆ ತನಗೆ ನಡೆಯದಾದುದರಿಂದ ಅರಸನೇ ನಡುವೆ ಬಂದು ಸಂಧಿ ಮಾಡಿಸುತ್ತಿದ್ದನಂತೆ. ಧರ್ಮೋಪದೇಶದಿಂದ ಸಾಧಿಸಲಾಗದ ಸಾಮರಸ್ಯವನ್ನು ಸುಂಕದ ಕಟ್ಟೆ ಸಾಧಿಸಿತೆಂದು ನಗಬಹುದು, ಸಾಧಿಸಿತೆಂಬುದಂತೂ ದಿಟ.

ಪೋರ್ತುಗೀಸರು 1568ರಲ್ಲಿ ಕೋಟೆ ಕಟ್ಟಿದುದು, 1763ರಲ್ಲಿ ಊರು ಹೈದರಲಿಯ ಕೈಸೇರಿದುದು, 1784ರ ಮಾರ್ಚಿಯಲ್ಲಿ ಟೀಪುವಿಗೂ ಇಂಗ್ಲಿಷರಿಗೂ ಇಲ್ಲಿ ಒಪ್ಪಂದವಾದುದು, 1799ರಲ್ಲಿ ಊರು ಕುಂಪಣಿಯ ವಶವಾದುದು, ಇವೆಲ್ಲ ತಿಳಿದ ಸಂಗತಿಗಳೇ. ಆಳುವವರು ಬದಲಾದರೂ ಸರಕು ಬದಲಾಗಲಿಲ್ಲ. 1801ರಲ್ಲಿ ಬಂದ ಬುಕಾನನ್ನನ ಕಾಲಕ್ಕೂ ಇಲ್ಲಿಂದ ಹೊರಡುವ ಮುಖ್ಯ ಪದಾರ್ಥ ಅಕ್ಕಿಯೇ. ಬೈಹುಲ್ಲಿನ ಹುರಿಯಿಂದ ಬಿಗಿದ ಅಕ್ಕಿಯ ಮುಡಿಗಳು ಗೋವೆ, ಮಲೆಯಾಳ, ಮಸ್ಕತ್ತುಗಳಿಗೆ ಹೋಗುತ್ತಿದ್ದುವು. ಹೊಳೆಯ ಮೇಲೆ ದೋಣಿಯಲ್ಲಿ ಬಂದ ಮುಡಿ ಹೊಳೆಯ ದಡದಲ್ಲೇ ಮಂಜಿಗೆ ಏರುವುದಾದರೆ, ಪೇಟೆ ದಡವನ್ನು ಬಿಟ್ಟು ಮೇಲೇರುವುದಾದರೂ ಏತಕ್ಕೆ?

ಏರಿಸಿದುದು ಘಟ್ಟದ ಸರಕು. 19ನೆಯ ಶತಮಾನದಲ್ಲಿ ಸಂಪಾಜೆ, ಚಾರ್ಮಾಡಿ ಮುಂತಾದ ಘಾಟಿಗಳಲ್ಲಿ ಗಾಡಿ ಇಳಿಯುವ ರಸ್ತೆಗಳಾದ ಮೇಲೆ ಕೊಡಗು, ಮಂಜರಾಬಾದುಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಮಂಗಳೂರಿಗೆ ಬರತೊಡಗಿತು. ದೋಣಿಯ ಸರಕು ದಡದಲ್ಲಿ ನಿಂತರೆ ಗಾಡಿಯ ಸರಕು ದಾರಿಯಲ್ಲಿ ನಿಲ್ಲುವುದು. ಎತ್ತುಗಳಿಗೆ ನೀರು ಬೇಕು, ಗಾಡಿಯವನಿಗೆ ನೆರಳು ಬೇಕು. ಬಂದರಿನಿಂದ ಒಂದು ಮೈಲಿನಷ್ಟು ಒಳಗೆ, ಏರಿನ ಬುಡದಲ್ಲಿ, ದಾರಿಗಳು ಕೂಡುವ ಎಡೆಯಲ್ಲಿ ಮರದ ಕಟ್ಟೆಯೊಂದಿದ್ದು, ಅಪ್ಪಣ್ಣನೆಂಬವನು ಅಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದನೆಂದೂ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದೂ ಐತಿಹ್ಯವಿದೆ. ಇಲ್ಲದ ಹಕಾರವೂ ಅನುನಾಸಿಕವೂ ಎಲ್ಲಿಂದ ಬಂದುವೆಂದು ಭಾಷಾಶಾಸ್ತ್ರಜ್ಞರು ಕೇಳಿದರೆ ಉತ್ತರಿಸುವುದು ಕಷ್ಟವೇ. ಆದರೆ ಐತಿಹ್ಯದ ನೀರು ಮಾತ್ರ ಸುಳ್ಳಲ್ಲ. 2021ರಲ್ಲಿ ಹಂಪನಕಟ್ಟೆಯ ರಸ್ತೆಯನ್ನು ಅಗೆಯುವಾಗ, ಡಾಮರಿನ ಕೆಳಗೆ ಮುಚ್ಚಿಹೋಗಿದ್ದ ಹಳೆಯ ಬಾವಿಯೊಂದು ಕಾಣಿಸಿಕೊಂಡಿತು.

ಈ ದಾರಿಯು ಇಂಗ್ಲಿಷರಿಗಿಂತ ಹಳೆಯದೆಂಬುದಕ್ಕೆ ಇನ್ನೊಂದು ಗುರುತುಂಟು. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಮೂಲ ಸ್ಥಾಪನೆ 1680ರದು, ಎಂದರೆ ಕೆಳದಿಯವರ ಕಾಲದ್ದು. ನಡೆದಾಡುವ ಜನವಿಲ್ಲದ ಕಡೆ ಇಗರ್ಜಿ ಕಟ್ಟುವವರಿಲ್ಲ. ಮುಂದೆ ವೆನ್‌ಲಾಕ್ ಎಂದು ಹೆಸರಾದ ಆಸ್ಪತ್ರೆ 1848ರಲ್ಲೂ ಸರಕಾರಿ ಕಾಲೇಜು 1868ರಲ್ಲೂ ಆರಂಭವಾದುವು; ಅವು ಈ ದಾರಿಯ ಬಳಿಗೆ ಬಂದುವೇ ಹೊರತು ದಾರಿ ಅವುಗಳ ಬಳಿಗೆ ಹೋದುದಲ್ಲ.

1907ರಲ್ಲಿ ತೆಂಕಣಿಂದ ರೈಲು ಬಂದಿತು. ನಿಲ್ದಾಣವಾದುದು ಹಂಪನಕಟ್ಟೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ. ಅಲ್ಲಿಂದ ಮುಂದೆ ಊರಿಗೆ ಹೊಸದಾಗಿ ಬರುವವನು ಮೊದಲು ಕಾಣುವುದು ಅಳಿವೆಯನ್ನಲ್ಲ, ಕೂಡುರಸ್ತೆಯನ್ನು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿ ಮೋಟಾರು ಬಸ್ಸುಗಳು ಓಡಲಾರಂಭಿಸಿದ ಮೇಲೆ ಹಳ್ಳಿಯವರ ಪೇಟೆಯ ಕೆಲಸ ಒಂದೇ ದಿನದಲ್ಲಿ ಮುಗಿಯುವಂತಾಯಿತು. ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವವನು ಬಸ್ಸಿನಿಂದ ಇಳಿದಲ್ಲೇ ಜವಳಿ, ಔಷಧಿ, ಪುಸ್ತಕ, ಊಟಗಳನ್ನು ಅರಸುವನು. ಚಿಲ್ಲರೆ ವ್ಯಾಪಾರ ಹಂಪನಕಟ್ಟೆಯನ್ನು ಸೇರಿದುದು ಹೀಗೆ.

ಹಾಗೆಂದು ಬಂದರು ಬರಿದಾಯಿತೆ? ಇಲ್ಲ, ಸಗಟು ವ್ಯಾಪಾರ ಅಲ್ಲಿಯೇ ಉಳಿಯಿತು. ಇವೆರಡರ ನಡುವೆ ವೆಂಕಟರಮಣ ದೇವಸ್ಥಾನದ ರಥಬೀದಿ. ಬಂದರಿನ ಮುಂಗಡ-ಸಾಲಗಳ ಪದ್ಧತಿಯನ್ನು ಮೇಲೆ ಸೂಚಿಸಿದೆವಷ್ಟೆ. ಒಂದೇ ಜಿಲ್ಲೆಯಲ್ಲಿ ಇಷ್ಟೊಂದು ಬ್ಯಾಂಕುಗಳು ಹುಟ್ಟಲು ಕಾರಣವೇನೆಂದು ಕೇಳುವವರಿಗೆ ನಾವು ಕೊಡುವ ಉತ್ತರದಲ್ಲಿ ಆ ಅಭ್ಯಾಸಕ್ಕೂ ದೊಡ್ಡ ಪಾಲಿದೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡು, 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕು, ಮೂರೂ ಈ ಊರಿನಲ್ಲೇ ಹುಟ್ಟಿದುವು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನಲ್ಲೂ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದಾಗ ಊರಿನವರು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿದರು. ಲೆಕ್ಕ ಬಲ್ಲವರು ಇದನ್ನು ಭಾವುಕತೆಯೆನ್ನಬಹುದು. ಆದರೆ ಸಾಲ ಕೇಳುವವನ ಅಜ್ಜನನ್ನೂ ತೋಟವನ್ನೂ ಬಲ್ಲ ಬ್ಯಾಂಕಿನ ಬೆಲೆಯನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವುದು?

ಪೇಟೆಯನ್ನು ಆಜ್ಞೆಯಿಂದ ಸ್ಥಳಾಂತರಿಸುವ ಪ್ರಯತ್ನವೂ ನಡೆದಿದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಕೇಂದ್ರ ಮಾರುಕಟ್ಟೆಯನ್ನು ಮುಚ್ಚಿ, ಅಲ್ಲಿಯ ವ್ಯಾಪಾರಿಗಳನ್ನು ನಗರದ ಬಡಗಣ ತುದಿಯ ಬೈಕಂಪಾಡಿಗೆ ಕಳುಹಿಸಲಾಯಿತು. ಅವರು ನ್ಯಾಯಾಲಯದ ಬಾಗಿಲು ತಟ್ಟಿದರು. ಹಳೆಯ ಕಟ್ಟಡ ಶಿಥಿಲವಾಗಿದ್ದಿತೆಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಸ್ಸಿನಿಂದಿಳಿದು ಬುಟ್ಟಿ ಹಿಡಿದು ಬರುವ ಗಿರಾಕಿಯು ತರಕಾರಿಗಾಗಿ ಅಷ್ಟು ದೂರ ಹೋಗುವನೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿದ್ದಿತು. ನೀರಿನಿಂದ ದಾರಿಗೆ ಒಂದು ಮೈಲು ನಡೆಯಲು ಈ ಪೇಟೆಗೆ ತಲೆಮಾರುಗಳೇ ಹಿಡಿದಿದ್ದುವು.

ದೊಡ್ಡ ಹಡಗುಗಳು ಈಗ ಅಳಿವೆಯ ಹೊರಗೆ ಕಾಯುವುದಿಲ್ಲ. 1975ರಲ್ಲಿ ಉದ್ಘಾಟನೆಯಾದ ಪಣಂಬೂರಿನ ಹೊಸ ಬಂದರಿಗೆ ಹೋಗುತ್ತವೆ. ಹಳೆಯ ದಕ್ಕೆಯಲ್ಲಿ ಮೀನಿನ ದೋಣಿಗಳ ಸಂದಣಿ. ಅವುಗಳ ಆಚೆಗೆ, ಮಳೆಗಾಲ ಕಳೆದ ಮೇಲೆ, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು ನಿಂತಿರುತ್ತವೆ. ಕೂಲಿಯಾಳುಗಳು ಅಕ್ಕಿಯ ಮೂಟೆ, ತರಕಾರಿ, ಸಿಮೆಂಟುಗಳನ್ನು ಹೊತ್ತು ಹಲಗೆಯ ಮೇಲಿನಿಂದ ಏರುತ್ತಿರುತ್ತಾರೆ.