ನೆತ್ತರುಗೊಡಗೆಯಿಂದ ಪೌತಿ ಖಾತೆಯವರೆಗೆ

ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಜಗಳೂರಿನವು ಮರುವರ್ಷ ಹನ್ನೊಂದನೆಯ ಸಂಪುಟದಲ್ಲಿ ಬಂದವು. ಇಂದಿನ ನ್ಯಾಮತಿ ತಾಲ್ಲೂಕು, ಸಿಂದ ಅರಸರ ಬೆಳಗುತ್ತಿಯೂ ಸೇರಿದಂತೆ, ಆಗ ಹೊನ್ನಾಳಿಯ ಭಾಗ. ಈ ಸೀಮೆಯ ಕೆರೆ ಏರಿ, ಗುಡಿಯ ಮಗ್ಗುಲುಗಳಲ್ಲಿ ಅರ್ಧ ಹೂತು ನಿಂತ ವೀರಗಲ್ಲುಗಳನ್ನು ಸತ್ತವನ ಹೊಗಳಿಕೆಯೆಂದಷ್ಟೇ ತಿಳಿಯುವವರು ಹೆಚ್ಚು. ಆದರೆ ಕರ್ನಾಟಕದ ಎಷ್ಟೋ ವೀರಗಲ್ಲುಗಳು ಉಳಿದವರ ಪಾಲಿನ ದಾಖಲೆಯೂ ಹೌದು.

ತುರು ಬಿಡಿಸಲು, ಊರು ಕಾಯಲು ಹೋಗಿ ಮಡಿದವನ ಮನೆಗೆ ಅರಸನೋ ಊರವರೋ ಭೂಮಿ ಬಿಡುತ್ತಿದ್ದರು. ನೆತ್ತರು ಚೆಲ್ಲಿದ್ದಕ್ಕೆ ಕೊಟ್ಟದ್ದು ನೆತ್ತರುಗೊಡಗೆ. ಕಲ್ನಾಡು ಎಂಬ ಮಾತೂ ಉಂಟು. ಬೆಂಗಳೂರಿನ ಬಳಿಯ ಬೇಗೂರಿನ ಪ್ರಸಿದ್ಧ ಕಲ್ಲು ಸುಮಾರು 890ರ ಕಾಲದ್ದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಸತ್ತ ಸುದ್ದಿ ಕೇಳಿದ ಗಂಗ ದೊರೆ ಎರೆಯಪ್ಪ, ಅವನ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದು ಹೇಳುತ್ತದೆ. ಕಲ್ಲಿನಲ್ಲಿ ಬರೆದದ್ದನ್ನು ದಾಯಾದಿ ಅಲ್ಲಗಳೆಯುವುದು ಸುಲಭವಲ್ಲ.

ಹೆಂಡತಿಯ ಮಾತೇನು? ಇಂಥ ಕಲ್ಲುಗಳಲ್ಲಿ ಆಕೆ ಕಾಣಿಸುವುದು ಹೆಚ್ಚಾಗಿ ಮಾಸ್ತಿಯಾಗಿ, ಕೈ ಎತ್ತಿದ ರೂಪದಲ್ಲಿ. ಬದುಕಿ ಉಳಿದವಳಿಗೆ ಕಲ್ಲಿಲ್ಲ. ಜ್ವರದಿಂದಲೋ ಹಾವು ಕಚ್ಚಿಯೋ ಸತ್ತ ರೈತನಿಗೂ ಇಲ್ಲ.

ಅಂಥ ಮನೆಗಳನ್ನು ನಡೆಸಿದ್ದು ನೆರೆಹೊರೆ. ‘ಮಣ್ಣಿಗೆ ಹೋಗುವುದು’ ಈ ಕಡೆ ತಪ್ಪಿಸಲಾಗದ ಕೆಲಸ. ಮಾತು ಬಿಟ್ಟವರೂ ಹೋಗುತ್ತಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ತರುತ್ತಾರೆ, ಭಜನೆಯವರು ರಾತ್ರಿ ಜೊತೆಗಿರುತ್ತಾರೆ. ಶಿವಗಣಾರಾಧನೆ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೆ ಸಾಲ, ಹೊಲ, ಮಕ್ಕಳ ಪ್ರಶ್ನೆ ಎದುರಾಗುತ್ತದೆ. ಬುತ್ತಿ ಅಲ್ಲಿಯವರೆಗೆ ಬರುವುದಿಲ್ಲ.

ಅಲ್ಲಿ ಕಾನೂನು ಕಾಲಿಟ್ಟದ್ದು ತಡವಾಗಿ. ಮೈಸೂರು ಸಂಸ್ಥಾನದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ವಿಧವೆಗೂ ಪಾಲು ಕೊಟ್ಟಿತು. ಬ್ರಿಟಿಷ್ ಭಾರತದ ಇಂಥದೇ ಕಾಯ್ದೆಗಿಂತ ಇದು ನಾಲ್ಕು ವರ್ಷ ಮೊದಲು. ಆಗ ಮೈಸೂರಿನ ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿದ್ದ ಈ ಪ್ರದೇಶಕ್ಕೂ ಅದು ಅನ್ವಯಿಸಿತು. ರಾಜ್ಯದ ವಿಧವಾ ವೇತನ ಬಂದದ್ದು 1984ರಲ್ಲಿ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆ ಆರಂಭವಾಯಿತು. ದುಡಿಯುವವನನ್ನು ಕಳೆದುಕೊಂಡ ಬಡ ಕುಟುಂಬಕ್ಕೆ ಒಂದಾವರ್ತಿ ಕೊಡುವ ಆ ಹಣವನ್ನು 2012ರಲ್ಲಿ 20,000 ರೂಪಾಯಿಗೆ ಏರಿಸಲಾಯಿತು.

ಈ ನೆರವಿಗೆ ವೀರಮರಣ ಬೇಕಿಲ್ಲ, ಆದರೆ ಕಾಗದ ಬೇಕು. 1969ರ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಮರಣ ನೋಂದಾಯಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಓಡಾಟ ಹೆಚ್ಚು. ನಂತರ ವಂಶವೃಕ್ಷ, ಪೌತಿ ಖಾತೆ. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಇಟ್ಟುಕೊಂಡು ಮೊಮ್ಮಗನ ಹೆಂಡತಿ ಬೆಳೆಸಾಲ ಕೇಳುವುದು ಕಷ್ಟ. ಬುತ್ತಿ ತಂದ ಮನೆಯವರಲ್ಲಿ ಓದಿದವರೊಬ್ಬರು ಆಕೆಯ ಜೊತೆ ನಾಡಕಚೇರಿಗೂ ಹೋದರೆ ಆ ಅರ್ಜಿ ಮುಂದೆ ಸಾಗುತ್ತದೆ.