ಹೊರಗಣ್ಣಿಗೆ ಕಂಡ ಹಿಂದೂಧರ್ಮ



ಸುಮಾರು ಎರಡು ಶತಮಾನಗಳ ಹಿಂದೆ ಮೈಸೂರು ಸೀಮೆಯಲ್ಲಿ ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸಾಹಾರವನ್ನು ಬಿಟ್ಟು, ನಮ್ಮವರಂತೆಯೇ ಬದುಕುತ್ತಿದ್ದ ಫ್ರೆಂಚ್ ಪಾದ್ರಿಯೊಬ್ಬರಿದ್ದರು. ಜನರು ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರಂತೆ. ಅವರ ಹೆಸರು ಅಬ್ಬೆ ದುಬಾಯ್. ೧೭೯೨ರಲ್ಲಿ ಭಾರತಕ್ಕೆ ಬಂದ ಅವರು ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಈ ಕಡೆಗೆ ಬಂದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು. ಸಿಡುಬು ಹಬ್ಬಿದ್ದಾಗ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗುವ ಹೊತ್ತಿಗೆ ಅವರು ಇಲ್ಲಿ ಕಳೆದದ್ದು ಮೂವತ್ತೊಂದು ವರ್ಷ.

ಹಿಂದೂಗಳ ಆಚಾರ, ಸಂಪ್ರದಾಯ, ವಿಧಿಗಳನ್ನು ಕುರಿತು ಇವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಆಗಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಶಿಫಾರಸು ಮಾಡಿದರು. ೧೮೦೭ರಲ್ಲಿ ಕಂಪೆನಿ ಸರ್ಕಾರವು ಎರಡು ಸಾವಿರ ವರಹಗಳಿಗೆ ಅದನ್ನು ಕೊಂಡಿತು. ೧೮೧೬ರಲ್ಲಿ ಅದರ ಇಂಗ್ಲಿಷ್ ಅನುವಾದವು ಅಚ್ಚಾಯಿತು. ಮಡಿಮೈಲಿಗೆ, ಮದುವೆ ಮುಂಜಿ, ಉಪವಾಸ, ಉತ್ತರಕ್ರಿಯೆ, ಜಾತಿಯ ಕಟ್ಟುಪಾಡು, ಒಂದನ್ನೂ ಅದು ಬಿಟ್ಟಿಲ್ಲ. ತತ್ತ್ವವಿಚಾರಕ್ಕಿಂತ ಆಚಾರಕ್ಕೆ ಅಲ್ಲಿ ಹೆಚ್ಚು ಸ್ಥಳ, ಮೆಚ್ಚುಗೆಗಿಂತ ದೋಷಾನ್ವೇಷಣೆಗೆ ಹೆಚ್ಚು ಉತ್ಸಾಹ. ಬಹುಕಾಲದವರೆಗೆ ಭಾರತಕ್ಕೆ ಬರುವ ಇಂಗ್ಲಿಷ್ ಅಧಿಕಾರಿಗಳಿಗೆ ಅದೊಂದು ಕೈಪಿಡಿಯಾಗಿತ್ತು. ಬರೆದವನು ನಮ್ಮ ನಡುವೆಯೇ ಬಾಳಿದವನು, ಕಣ್ಣಾರೆ ಕಂಡವನು ಎಂಬುದೇ ಅದರ ಪ್ರಾಮಾಣ್ಯ.

ಈ ಪ್ರಾಮಾಣ್ಯದ ಕಥೆ ಮುಂದೆ ವಿಚಿತ್ರವಾದ ತಿರುವನ್ನು ಪಡೆಯಿತು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು ೧೯೭೭ರಲ್ಲಿಯೂ, ಬಳಿಕ ೧೯೮೭ರಲ್ಲಿ ಇನ್ನೂ ವಿಸ್ತಾರವಾಗಿಯೂ ಹಳೆಯ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ತೋರಿಸಿಕೊಟ್ಟಂತೆ, ಆ ಗ್ರಂಥದ ಬಹುಭಾಗವು ದುಬಾಯ್ ಅವರದಲ್ಲ. ಅವರಿಗಿಂತ ಹಿಂದಿನ ತಲೆಮಾರಿನ ಕೂರ್ದೂ ಎಂಬ ಜೆಸ್ಯುಯಿಟ್ ಪಾದ್ರಿಯು ಬರೆದಿಟ್ಟಿದ್ದ ಪ್ರಬಂಧವೇ ಅದಕ್ಕೆ ಮೂಲ. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ನಂಟಿದೆಯೆಂದು ೧೭೬೭ರಷ್ಟು ಹಿಂದೆಯೇ ಪ್ಯಾರಿಸ್ಸಿನ ಪಂಡಿತಮಂಡಲಿಗೆ ಬರೆದು ತಿಳಿಸಿದ ಬಹುಶ್ರುತನೀತ. ಮೂವತ್ತೊಂದು ವರ್ಷ ನಮ್ಮ ಮಧ್ಯದಲ್ಲಿ ಇದ್ದ ಮನುಷ್ಯನೂ ನಮ್ಮನ್ನು ವರ್ಣಿಸಲು ಕುಳಿತಾಗ ಮತ್ತೊಬ್ಬರು ಬರೆದ ಕಾಗದವನ್ನೇ ಎದುರಿಗಿಟ್ಟುಕೊಂಡನೆಂದ ಮೇಲೆ, ‘ಕಣ್ಣಾರೆ ಕಂಡದ್ದು’ ಎಂಬ ಮಾತಿಗೆ ಎಷ್ಟು ಬೆಲೆ ಕಟ್ಟಬೇಕು? ಅವರ ಸೇವೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದೇವಿ ಹಾಕಿಸಿದ ಪುಣ್ಯವಂತೂ ಅವರದೇ. ಆದರೆ ಹೊರಗಿನವರು ನಮ್ಮ ಧರ್ಮವನ್ನು ನಿಂದಿಸಲಿ ಸ್ತುತಿಸಲಿ, ಅವರ ಕೈಗೆ ಯಾವ ಕಾಗದ ಬಂದಿತ್ತು ಎಂಬುದನ್ನು ಮೊದಲು ವಿಚಾರಿಸುವುದು ಲೇಸೆಂದು ನನಗೆ ತೋರುತ್ತದೆ.

ನಿಂದೆಯ ಮಾತಾಯಿತು. ಸ್ತುತಿಯ ಕಡೆಗೆ ತಿರುಗೋಣ. ೧೬೫೭ರಲ್ಲಿ ಮೊಗಲ್ ರಾಜಕುಮಾರ ದಾರಾ ಶುಕೋ ಕಾಶಿಯ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಿರುಗಿಸಿದನು. ಎರಡೇ ವರ್ಷಗಳಲ್ಲಿ ತಮ್ಮನಾದ ಔರಂಗಜೇಬನು ಅವನ ತಲೆಯನ್ನು ತೆಗೆಸಿದನು; ಪುಸ್ತಕವು ಉಳಿಯಿತು. ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ೧೭೭೫ರಲ್ಲಿ, ಅಯೋಧ್ಯೆಯ ನವಾಬನ ಆಸ್ಥಾನದಲ್ಲಿದ್ದ ಝಾಂತಿ ಎಂಬ ಫ್ರೆಂಚ್ ಅಧಿಕಾರಿಯು ಅದರ ಪ್ರತಿಯೊಂದನ್ನು ಪ್ಯಾರಿಸ್ಸಿನ ಆಂಕೆತಿಲ್ ದ್ಯೂಪೆರೋನನಿಗೆ ಕಳುಹಿಸಿದನು. ಆತನು ಪಾರಸಿಯ ಪದಕ್ಕೆ ಪದವಿಟ್ಟು ಲ್ಯಾಟಿನ್ನಿಗೆ ಭಾಷಾಂತರಿಸಿ ೧೮೦೧ ಮತ್ತು ೧೮೦೨ರಲ್ಲಿ ಎರಡು ಸಂಪುಟಗಳನ್ನು ಹೊರತಂದನು. ಅದು ಲ್ಯಾಟಿನ್ ಬಲ್ಲವರಿಗೂ ಕಬ್ಬಿಣದ ಕಡಲೆಯಾಗಿತ್ತು. ಸಂಸ್ಕೃತದಿಂದ ಪಾರಸಿ, ಪಾರಸಿಯಿಂದ ಲ್ಯಾಟಿನ್, ಹೀಗೆ ಎರಡು ಜರಡಿಗಳಲ್ಲಿ ಸೋಸಿದ ಈ ಉಪನಿಷತ್ತನ್ನೇ ೧೮೧೪ರಲ್ಲಿ ಜರ್ಮನಿಯ ವೈಮಾರ್ ಪಟ್ಟಣದ ಪುಸ್ತಕಭಂಡಾರದಿಂದ ಒಬ್ಬ ತರುಣನು ಎರವಲು ತಂದನು. ಅವನೇ ಷೋಪೆನ್‌ಹೌರ್.

ತನ್ನ ಬಾಳಿಗೂ ಮರಣಕ್ಕೂ ಇದೇ ಸಮಾಧಾನವೆಂದು ಅವನು ಆ ಗ್ರಂಥವನ್ನು ಕೊಂಡಾಡಿದ್ದು ಸಭೆಗಳಿಗೆ ಹೋಗುವ ನಿಮಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಉದ್ಧರಿಸದ ಭಾಷಣಕಾರರು ವಿರಳ. ಅವನು ತನ್ನ ಸಾಕುನಾಯಿಗೆ ‘ಆತ್ಮ’ ಎಂದು ಹೆಸರಿಟ್ಟಿದ್ದನೆಂಬುದನ್ನು ಮಾತ್ರ ಆ ಭಾಷಣಕಾರರು ಹೇಳುವುದಿಲ್ಲ. ಇದರಲ್ಲಿ ಅಪಹಾಸ್ಯವೇನೂ ಇರಲಿಲ್ಲವೆನ್ನಿ. ಪ್ರಾಣಿಗಳಲ್ಲಿಯೂ ಒಂದೇ ಚೈತನ್ಯವನ್ನು ಕಾಣಬೇಕೆಂಬುದು ಅವನ ಸಿದ್ಧಾಂತಕ್ಕೆ ಒಪ್ಪುವಂಥದೇ. ಆದರೆ ಅವನು ಎಂದೂ ಭಾರತಕ್ಕೆ ಬರಲಿಲ್ಲ. ಹತ್ತಿರವಿದ್ದವನಿಗೆ ಆಚಾರ ಕಂಡಿತು, ವೇದಾಂತ ಹೆಚ್ಚಾಗಿ ಕಾಣಲಿಲ್ಲ. ದೂರವಿದ್ದವನಿಗೆ ವೇದಾಂತ ಕಂಡಿತು, ಅದನ್ನು ಹೊತ್ತ ಜನ ಕಾಣಲಿಲ್ಲ. ೧೮೯೭ರಲ್ಲಿ ದುಬಾಯ್ ಅವರ ಗ್ರಂಥವು ಪರಿಷ್ಕೃತವಾಗಿ ಪುನಃ ಅಚ್ಚಾದಾಗ ಅದಕ್ಕೆ ಮುನ್ನುಡಿಯನ್ನು ಬರೆದವರು ಮ್ಯಾಕ್ಸ್ ಮುಲ್ಲರ್. ಆಯುಷ್ಯವನ್ನೆಲ್ಲ ವೇದಕ್ಕೆ ತೆತ್ತ ಆ ಮಹನೀಯರೂ ಈ ನೆಲವನ್ನು ಮೆಟ್ಟಿದವರಲ್ಲ.

ಅಮೆರಿಕೆಯ ಕಥೆ ಇನ್ನೂ ಸ್ವಾರಸ್ಯವಾದುದು. ಚಾರ್ಲ್ಸ್ ವಿಲ್ಕಿನ್ಸ್ ಸಂಸ್ಕೃತದಿಂದ ನೇರವಾಗಿ ಇಂಗ್ಲಿಷಿಗೆ ಮಾಡಿದ ಭಗವದ್ಗೀತೆಯು ೧೭೮೫ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ವಾರನ್ ಹೇಸ್ಟಿಂಗ್ಸ್ ಅದಕ್ಕೆ ಜೋಡಿಸಿದ ಪತ್ರದಲ್ಲಿ, ಭಾರತದಲ್ಲಿ ಇಂಗ್ಲಿಷರ ಆಳ್ವಿಕೆ ಅಳಿದುಹೋದ ಬಹುಕಾಲದ ಮೇಲೂ ಇಂಥ ಗ್ರಂಥಗಳು ಉಳಿಯುವುವೆಂಬ ಅಭಿಪ್ರಾಯವನ್ನು ಸೂಚಿಸಿದ್ದನು. ಆಳುವವನ ಬಾಯಿಂದ ಬಂದ ಮಾತೆಂದು ನೆನೆದರೆ ಇಂದಿಗೂ ಸೋಜಿಗವಾಗುತ್ತದೆ. ಆ ಗೀತೆಯ ಪ್ರತಿಯೊಂದು ೧೮೪೫ರಲ್ಲಿ ಎಮರ್ಸನ್ನನ ಕೈಸೇರಿತು. ಅದೇ ವರ್ಷ ಅವನ ಮಿತ್ರ ಥೋರೋ ಕಾಂಕರ್ಡ್ ಎಂಬ ಊರ ಹೊರಗೆ ವಾಲ್ಡನ್ ಕೊಳದ ದಡದಲ್ಲಿ ಸ್ವತಃ ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಏಕಾಂತವಾಗಿದ್ದು ಗೀತೆಯನ್ನು ಓದಿದನು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಆ ಕೊಳಕ್ಕೆ ಕೂಲಿಕಾರರು ಬಂದು ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದರು. ಬಾಸ್ಟನ್ನಿನ ವರ್ತಕರು ೧೮೩೩ರಿಂದ ಇಂಥ ಮಂಜುಗಡ್ಡೆಯನ್ನು ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತುಂಬಿ, ನಾಲ್ಕು ತಿಂಗಳ ಪಯಣದಲ್ಲಿ ಕಲ್ಕತ್ತೆಗೆ ಸಾಗಿಸುತ್ತಿದ್ದರು. ಥೋರೋ ಇದನ್ನು ನೋಡಿ ತನ್ನ ಕೊಳದ ನೀರು ಗಂಗೆಯೊಡನೆ ಬೆರೆಯಿತೆಂದು ಕಲ್ಪಿಸಿಕೊಂಡು ಹಿಗ್ಗಿದನು. ಕಲ್ಪನೆ ಮನೋಹರವೇ ಸರಿ. ಆದರೆ ಆ ಮಂಜುಗಡ್ಡೆ ಹೋಗುತ್ತಿದ್ದದ್ದು ಗಂಗೆಗಲ್ಲ, ಬಹುಮಟ್ಟಿಗೆ ಕಲ್ಕತ್ತೆಯ ದೊರೆಗಳ ಪಾನಪಾತ್ರೆಗಳಿಗೆ.

೧೮೯೩ರ ಸೆಪ್ಟೆಂಬರಿನಲ್ಲಿ ಚಿಕಾಗೋ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಎದ್ದು ನಿಂತಾಗ ಕಾಗದದ ಬದಲು ಮನುಷ್ಯನೇ ಮಾತನಾಡಿದಂತಾಯಿತು. ಮರುವರ್ಷವೇ ನ್ಯೂಯಾರ್ಕಿನಲ್ಲಿ ವೇದಾಂತಸಂಘವು ಹುಟ್ಟಿತು. ಮುಂದಿನ ಬೆಳವಣಿಗೆ ನಿಮಗೆ ತಿಳಿದದ್ದೇ. ಅದರ ಒಂದು ಕವಲು ನಮ್ಮ ಜಗನ್ಮೋಹನ ಅರಮನೆಯಿಂದಲೇ ಹೊರಟಿತು. ಅಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಟಿ. ಕೃಷ್ಣಮಾಚಾರ್ಯರ ಬಳಿ ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿ ಎಂಬಾಕೆ ಶಿಷ್ಯೆಯಾದರು. ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರ ಮಾತಿನ ಮೇಲೆ ಒಪ್ಪಿದರು. ಆಕೆ ೧೯೪೭ರಲ್ಲಿ ಅಮೆರಿಕೆಗೆ ತೆರಳಿ ಹಾಲಿವುಡ್ಡಿನಲ್ಲಿ ಯೋಗವನ್ನು ಕಲಿಸತೊಡಗಿದರು. ಇಂದು ಅಲ್ಲಿ ಆಸನ ಹಾಕುವವರೆಲ್ಲರೂ ಹಿಂದೂಧರ್ಮಕ್ಕೆ ಮನಸೋತವರೆಂದು ಲೆಕ್ಕ ಹಿಡಿಯುವುದು ಹುಸಿ ಹೆಮ್ಮೆ. ಬೆನ್ನುನೋವಿಗೆ ಮದ್ದು ಬೇಕಾದವರೇ ಅವರಲ್ಲಿ ಬಹುಮಂದಿ.

ಹೊರಗಿನವರ ನೋಟದಿಂದ ನಮಗಾದುದೇನು? ೧೮೮೯ರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯವರನ್ನು ಥಿಯಾಸಫಿಯ ಇಬ್ಬರು ಇಂಗ್ಲಿಷ್ ಮಿತ್ರರು ತಮ್ಮೊಡನೆ ಗೀತೆ ಓದಲು ಕರೆದರು. ಅವರು ಓದುತ್ತಿದ್ದದ್ದು ಎಡ್ವಿನ್ ಆರ್ನಲ್ಡನ ಇಂಗ್ಲಿಷ್ ಪದ್ಯಾನುವಾದ. ಗೀತೆಯನ್ನು ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ಅದುವರೆಗೆ ಓದಿಲ್ಲವೆಂದು ಒಪ್ಪಿಕೊಳ್ಳಲು ತಮಗೆ ನಾಚಿಕೆಯಾಯಿತೆಂದು ಗಾಂಧಿಯವರೇ ಬರೆದಿದ್ದಾರೆ. ಪರರ ಮೆಚ್ಚುಗೆಯು ಮನೆಯ ಕದವನ್ನು ಹೊರಗಿನಿಂದ ತಟ್ಟಿ ಒಳಗಿನವರನ್ನು ಎಬ್ಬಿಸಿದ್ದೂ ಉಂಟು. ಇದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಎಬ್ಬಿಸಿದ ಮೇಲೆ ಕಾಣುವುದು ಏನೆಂಬುದು ಬೇರೆ ಪ್ರಶ್ನೆ. ವಿವೇಕಾನಂದರು ಅಮೆರಿಕೆಗೆ ಹೊರಡುವ ಮುನ್ನ, ೧೮೯೨ರಲ್ಲಿ, ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರಷ್ಟೆ. ಪತ್ರಿಕೆಗಳು ಅವರ ಕೀರ್ತಿಯನ್ನು ಸಾರುತ್ತಿದ್ದ ಕಾಲದಲ್ಲಿ, ೧೮೯೪ರ ಜೂನ್ ೨೩ರಂದು, ಅವರು ಚಿಕಾಗೋವಿನಿಂದ ಮಹಾರಾಜರಿಗೆ ಒಂದು ಕಾಗದ ಬರೆದರು. ಭಾರತದ ಬಡವರ ದುಃಸ್ಥಿತಿಯೇ ಎಲ್ಲ ಕೇಡಿನ ಬೇರೆಂದೂ, ಅವರಿಗೆ ವಿದ್ಯೆ ಕೊಡುವುದೇ ಮೊದಲ ಕೆಲಸವೆಂದೂ, ಬಡ ಹುಡುಗನು ಶಾಲೆಗೆ ಬರಲಾರದೆ ಹೋದರೆ ಶಾಲೆಯೇ ಹೊಲದಲ್ಲಿರುವ ಅವನ ಬಳಿಗೆ ಹೋಗಬೇಕೆಂದೂ ಆ ಕಾಗದದಲ್ಲಿ ವಾದಿಸಿದ್ದರು.