ಮೈಸೂರು ರಸ್ತೆಯ ಬೇಯ್ಸ್ ಲೆಕ್ಕ

ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದರು. ಮನಸ್ಸನ್ನು ಅಂಕಿಗಳಲ್ಲಿ ಅಳೆಯುವ ವಿದ್ಯೆ ಕನ್ನಡ ನಾಡಿನಲ್ಲಿ ಬೇರುಬಿಟ್ಟದ್ದು ಹೀಗೆ.

ಸಂಭವನೀಯತೆಯ ಲೆಕ್ಕದಲ್ಲಿ ಥಾಮಸ್ ಬೇಯ್ಸ್ ತೋರಿದ ದಾರಿ ಇನ್ನೂ ಹಳೆಯದು. ಅವರ ಪ್ರಬಂಧ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1763ರಲ್ಲಿ. ಮೊದಲು ಒಂದು ಅಂದಾಜು, ಸಾಕ್ಷ್ಯ ಸಿಕ್ಕಂತೆಲ್ಲ ಅದರ ತಿದ್ದುಪಡಿ: ಇದು ಅದರ ತಿರುಳು. ಸರಿಯಾಗಿ 200 ವರ್ಷಗಳ ನಂತರ ಎಡ್ವರ್ಡ್ಸ್, ಲಿಂಡ್‌ಮನ್, ಸ್ಯಾವೇಜ್ ಅದನ್ನು ಮನೋವಿಜ್ಞಾನಿಗಳ ಮುಂದಿಟ್ಟರು.

ಒಂದು ಲೆಕ್ಕ ನೋಡಿ. 1000 ಜನರಲ್ಲಿ 20 ಮಂದಿಗೆ ಖಿನ್ನತೆ ಇದೆ ಎನ್ನೋಣ. ಪ್ರಶ್ನಾವಳಿ ಅವರಲ್ಲಿ 18 ಮಂದಿಯನ್ನು ಗುರುತಿಸುತ್ತದೆ. ಉಳಿದ 980ರಲ್ಲಿ 98 ಮಂದಿಯನ್ನು ತಪ್ಪಾಗಿ ಸೇರಿಸುತ್ತದೆ. ‘ಇದೆ’ ಎನಿಸಿಕೊಂಡ 116 ಮಂದಿಯಲ್ಲಿ ನಿಜವಾಗಿ ಬಳಲುವವರು 18 ಮಾತ್ರ. ಸಾವಿರಕ್ಕೆ 20 ಎಂಬ ಮೊದಲ ಅಂದಾಜನ್ನು ಮರೆತರೆ ಎಷ್ಟು ಮಂದಿ ವೃಥಾ ಹೆದರಬೇಕು!

ಇಂಥ ಲೆಕ್ಕಕ್ಕೆ ಬೆಂಗಳೂರಿನಲ್ಲೂ ಒಂದು ನೆಲೆಯಿದೆ. ಮೂಡಲಪಾಳ್ಯದಿಂದ ನಾಯಂಡಹಳ್ಳಿಗೆ ಇಳಿದು ಕೆಂಗೇರಿಯತ್ತ ಮೈಸೂರು ರಸ್ತೆ ಹಿಡಿದರೆ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಸಿಗುತ್ತದೆ. ಮುಂದೆ ಇಲ್ಲಿ ಪ್ರಾಧ್ಯಾಪಕರಾದ ಮೋಹನ್ ದೇಲಂಪಾಡಿ 1987ರಲ್ಲಿ ಜೇಮ್ಸ್ ಬರ್ಗರ್ ಜೊತೆ ಬರೆದ ಪ್ರಬಂಧ, ಸಂಶೋಧಕರು ನೆಚ್ಚಿಕೊಂಡಿದ್ದ p-ಮೌಲ್ಯದ 0.05ರ ಗೆರೆ ಎಷ್ಟು ದುರ್ಬಲ ಸಾಕ್ಷ್ಯವಾಗಬಲ್ಲದು ಎಂದು ತೋರಿಸಿತು. ಘೋಷ್, ಸಮಂತ ಅವರೊಡನೆ ದೇಲಂಪಾಡಿ ಬರೆದ ಬೇಯ್ಸ್ ಪಠ್ಯಪುಸ್ತಕ 2006ರಲ್ಲಿ ಹೊರಬಂತು.